ಕೋಚ್ ಒಬ್ಬರಿಂದಲೇ ಸಂಪ್ರದಾಯ ಹುಟ್ಟುವುದಿಲ್ಲ

ಕಾಲೇಜು ತಂಡದ ಸಂಪ್ರದಾಯ ಕಟ್ಟುವವರು ಕೋಚ್ ತಾನೆ, ಅಥ್ಲೆಟಿಕ್ ಡೈರೆಕ್ಟರ್ (ಕ್ರೀಡಾ ವಿಭಾಗದ ಮುಖ್ಯಸ್ಥರು) ಮಾಡುವುದೇನು ಎಂದು ಕೇಳಿದ್ದೀರಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವನ್ನೇ ನೋಡಿ.

1989ರ ಕೊನೆಯಲ್ಲಿ ಪ್ಯಾಟ್ ರಿಕ್ಟರ್ ಡೈರೆಕ್ಟರ್ ಆದಾಗ ಕ್ರೀಡಾ ವಿಭಾಗ ಸಾಲದಲ್ಲಿತ್ತು, ಅಮೆರಿಕನ್ ಫುಟ್‌ಬಾಲ್ ತಂಡ ಸೋತು ಸುಣ್ಣವಾಗಿತ್ತು. ಅವರು ನೋಟರ್ ಡೇಮ್ ವಿಶ್ವವಿದ್ಯಾಲಯದಿಂದ ಬ್ಯಾರಿ ಅಲ್ವಾರೆಜ್ ಅವರನ್ನು ಫುಟ್‌ಬಾಲ್ ಕೋಚ್ ಆಗಿ ಕರೆತಂದರು. 1990ರಲ್ಲಿ ಗೆಲುವು 1, ಸೋಲು 10. ಮುಂದಿನ ಎರಡೂ ವರ್ಷ 5 ಗೆಲುವು, 6 ಸೋಲು. ಇಲ್ಲೇ ಬಹಳ ಡೈರೆಕ್ಟರ್‌ಗಳು ಎಡವುತ್ತಾರೆ: ಹೊಸ ಕೋಚ್ ಆರಿಸಿ ತಂದ ಹುಡುಗರು ಪಳಗಲು ಮೂರು-ನಾಲ್ಕು ವರ್ಷ ಬೇಕು, ಅಷ್ಟರೊಳಗೆ ಕೋಚನ್ನೇ ಬದಲಿಸಿದರೆ ಮತ್ತೆ ಮೊದಲಿಂದ ಶುರು. ರಿಕ್ಟರ್ ಕಾದರು. 1993ರಲ್ಲಿ ತಂಡ ಒಂದೇ ಪಂದ್ಯ ಸೋತಿತು. 1994ರ ಜನವರಿ 1ರಂದು ರೋಸ್ ಬೌಲ್ ಎಂಬ ಪ್ರತಿಷ್ಠಿತ ವಾರ್ಷಿಕ ಪಂದ್ಯದಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ವಿರುದ್ಧ 21–16ರಿಂದ ಗೆದ್ದಿತು.

ಇದಕ್ಕೆ ತೆತ್ತ ಬೆಲೆಯೂ ದೊಡ್ಡದು. ಹಣ ಉಳಿಸಲು 1991ರಲ್ಲಿ ಬೇಸ್‌ಬಾಲ್ ಜೊತೆಗೆ ಪುರುಷರ ಮತ್ತು ಮಹಿಳೆಯರ ಜಿಮ್ನಾಸ್ಟಿಕ್ಸ್, ಫೆನ್ಸಿಂಗ್ ಸೇರಿ ಐದು ತಂಡಗಳನ್ನು ಮುಚ್ಚಿದರು. ಬೇಸ್‌ಬಾಲ್ ಇಂದಿಗೂ ಮರಳಿಲ್ಲ. ಆ ಆಟಗಾರರ ಪಾಲಿಗೆ ಇದು ಅನ್ಯಾಯವೇ ಎನ್ನುತ್ತೇನೆ.

ಪ್ರೇಕ್ಷಕರ ಆಚರಣೆಗಳನ್ನು ಯಾವ ಕಚೇರಿಯೂ ಹುಟ್ಟಿಸಲಾರದು, ಆದರೆ ನಿಲ್ಲಿಸಬಲ್ಲದು. ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದು ಮುಗಿದ ಕೂಡಲೇ ವಿಸ್ಕಾನ್ಸಿನ್ ತಂಡದ ಕ್ಯಾಂಪ್ ರಾಂಡಲ್ ಕ್ರೀಡಾಂಗಣದಲ್ಲಿ ಒಂದು ಹಾಡಿಗೆ ಎಲ್ಲರೂ ಕುಣಿಯುವ ರೂಢಿ 1998ರಿಂದ ಇದೆ. 2003ರಲ್ಲಿ ನವೀಕರಣದ ವೇಳೆ ಕಟ್ಟಡದ ಸುರಕ್ಷತೆಯ ಕಾರಣ ಕೊಟ್ಟು ಅದನ್ನು ನಿಲ್ಲಿಸಿದರು. ವಿದ್ಯಾರ್ಥಿಗಳು ಪ್ರತಿಭಟಿಸಿದರು, ಅಪಾಯವಿಲ್ಲ ಎಂದು ಎಂಜಿನಿಯರುಗಳು ಖಚಿತಪಡಿಸಿದ ಮೇಲೆ ಹಾಡು ಮರಳಿತು.

2004ರಲ್ಲಿ ಅಲ್ವಾರೆಜ್ ತಾವೇ ಡೈರೆಕ್ಟರ್ ಆದರು. ಕೋಚ್ ಸ್ಥಾನಕ್ಕೆ ತಮ್ಮದೇ ಸಿಬ್ಬಂದಿಯಲ್ಲಿದ್ದ ಬ್ರೆಟ್ ಬಿಲೆಮಾ ಅವರನ್ನು ಆರಿಸಿದರು. 2006ರಲ್ಲಿ ತಂಡ 12 ಪಂದ್ಯ ಗೆದ್ದು ಒಂದನ್ನಷ್ಟೇ ಸೋತಿತು.