ಮನೆ ಸುತ್ತಲಿನ ಕಳೆಗೆ ಯಾವ ಔಷಧಿ ಹೊಡೆಯಬೇಕು?

ಮೈಸೂರಿನಲ್ಲಿ 40–60 ಸೈಟು, ಹಿತ್ತಲಲ್ಲಿ ಕರಿಬೇವು, ಪಪ್ಪಾಯ, ನಾಲ್ಕು ತರಕಾರಿ ಪಾತಿ. ಮಳೆ ಶುರುವಾದ ಮೇಲೆ ಕಳೆ ಹತೋಟಿಗೆ ಬರ್ತಿಲ್ಲ, ಒಳ್ಳೆ ಕಳೆನಾಶಕ ಯಾವುದು, ಮನೆಯಲ್ಲಿ ಚಿಕ್ಕ ಮಗು ಮತ್ತೆ ನಾಯಿ ಇವೆ, ಹೇಗೆ ಹೊಡೆಯಬೇಕು ಅಂತ ಕೇಳಿದ್ದೀರಿ.

ಔಷಧಿ ಹೆಸರು ಆಮೇಲೆ ನೋಡೋಣ. ಮೊದಲು ಒಂದು ಕಳೆಯನ್ನು ಬೇರು ಸಮೇತ ಅಗೆದು ನೋಡಿ. ಕೀಳೋದಲ್ಲ, ಅಗೆಯೋದು. ದಂಟನ್ನು ಎರಡು ಬೆರಳ ನಡುವೆ ಉರುಳಿಸಿದರೆ ಮೂರು ಅಂಚು ಸಿಗುತ್ತಾ? ಬೇರಿನಲ್ಲಿ ಕಡಲೆ ಗಾತ್ರದ ಕಪ್ಪು ಗಡ್ಡೆ ಇದೆಯಾ? ಮುರಿದರೆ ಒಳಗೆ ಬಿಳಿ, ಘಮ್ ಅನ್ನುತ್ತಾ? ಹಾಗಿದ್ದರೆ ಅದು ಕೊನ್ನಾರಿ ಗಡ್ಡೆ. ಕೆಲವರು ಜೇಕು ಅಂತಾರೆ. ಇದೊಂದು ಮತ್ತೆ ಗರಿಕೆ, ಇವೆರಡೇ ನಿಮಗೆ ನಿಜವಾಗಿ ತಲೆನೋವು ಕೊಡೋವು. ಉಳಿದವು ಹೆಚ್ಚಿನವು ಒಂದು ಮಳೆಗಾಲದ ಗಿಡಗಳು. ಹೂ ಬಿಡೋಕೆ ಮುಂಚೆ ಕಿತ್ತರೆ ಮುಗೀತು.

ನಮ್ಮದು ಮಂಡ್ಯ ಕಡೆ, ಕಬ್ಬು ಬತ್ತದ ಮನೆ. ಬೆನ್ನ ಮೇಲೆ ಔಷಧಿ ಪಂಪು ಹೊತ್ತುಕೊಂಡೇ ಬೆಳೆದವನು ನಾನು. ಆದರೂ ನಿಮ್ಮ ಹಿತ್ತಲಿಗೆ ಕಳೆನಾಶಕ ಬೇಡ ಅಂತಲೇ ಹೇಳ್ತೀನಿ. ಯಾಕೆ ಅಂದರೆ ನಮ್ಮಲ್ಲಿ ಒಮ್ಮೆ ಹೀಗಾಯಿತು.

ಬದುವಿಗೆ ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆದಿದ್ದೆ. ಮೂರನೇ ದಿನ ಬೆಳಿಗ್ಗೆ ಹೋದರೆ ಪಕ್ಕದ ಹೊಲದ ಅಜ್ಜಿ ಅಲ್ಲೇ ಕೂತು ಮಡಿಲು ತುಂಬ ಅಣ್ಣೆ ಸೊಪ್ಪು, ಹೊನಗೊನ್ನೆ ಕಿತ್ತುಕೊಂಡಿದ್ದಾರೆ. ಬೆರಕೆ ಸೊಪ್ಪಿನ ಬಸ್ಸಾರಿಗೆ. ನಾನು ಗಾಬರಿಯಾಗಿ ಅಜ್ಜಿ, ಔಷಧಿ ಹೊಡೆದಿದೆ ಅಂದರೆ, "ಹಸ್ರಾಗೇ ಅದಲ್ಲಪ್ಪ, ಏನಾಗದೆ ಇದ್ಕೆ?" ಅಂದರು. ಹಸಿರಾಗಿದೆ ಅನ್ನೋ ಮಾತೇನೋ ಸರಿಯಾಗೇ ಇತ್ತು. ಗ್ಲೈಫೋಸೇಟ್ ಎಲೆಯಿಂದ ಒಳಗೆ ಹೋಗಿ, ಗಿಡದ ರಸದ ಜೊತೆ ಬೇರಿಗೆ ಇಳಿದು, ಆಮೇಲೆ ಕೊಲ್ಲೋದು. ಹಳದಿ ಆಗೋಕೆ ವಾರ ಬೇಕು, ಕೆಲವು ಸಲ ಹತ್ತು ದಿನ. ಅಲ್ಲಿವರೆಗೆ ಸೊಪ್ಪು ನೋಡೋಕೆ ತಾಜಾ. ಅಷ್ಟನ್ನೂ ಸುರಿಸಿಕೊಂಡು ಹೂತು, ಇನ್ನೊಂದು ಬದುವಿನಿಂದ ಬೇರೆ ಕಿತ್ತುಕೊಟ್ಟೆ. ನಾನು ಜಿಪುಣ ಅಂತಲೇ ಅಜ್ಜಿ ಇವತ್ತಿಗೂ ಅಂದುಕೊಂಡಿರಬೇಕು.

ಹೊಡೆಯುವ ಅರ್ಧ ಗಂಟೆ ಎಲ್ಲರೂ ಹುಷಾರಾಗಿರುತ್ತಾರೆ. ಆಮೇಲಿನ ಆ ಹಸಿರು ದಿನಗಳಲ್ಲಿ ಮೈಮರೆಯುತ್ತಾರೆ. ನಿಮ್ಮ ಮಗು ಎಲೆ ಬಾಯಿಗಿಡುತ್ತೆ, ನಾಯಿ ಹೊಟ್ಟೆ ಕೆಟ್ಟರೆ ಗರಿಕೆ ಮೇಯುತ್ತೆ. ಮನೆಗೆಲಸಕ್ಕೆ ಬರುವವರು ಗಣಿಕೆ ಸೊಪ್ಪು ಕಂಡರೆ ಬಿಡುತ್ತಾರಾ?

ಇನ್ನೊಂದು ವಿಷಯ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ಮಾಡಿತು. ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಮೂಲಕ ಬಿಟ್ಟರೆ ಬೇರೆ ಯಾರೂ ಗ್ಲೈಫೋಸೇಟ್ ಬಳಸೋ ಹಾಗಿಲ್ಲ. ನಾನು ಬದುವಿಗೆ ಹೊಡೆದಿದ್ದು ಅದಕ್ಕೂ ಮುಂಚೆ. ಗೊಬ್ಬರದಂಗಡಿಯಲ್ಲಿ ಕೇಳಿದರೆ ಈಗಲೂ ಕೊಡುವವರಿದ್ದಾರೆ, ಅದು ಬೇರೆ ಮಾತು. ಕ್ಯಾನ್ಸರ್ ವಿಚಾರ ಕೇಳಿರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನು 'ಬಹುಶಃ ಕ್ಯಾನ್ಸರ್ ತರುವಂಥದ್ದು' ಅನ್ನೋ ಪಟ್ಟಿಗೆ ಸೇರಿಸಿತು. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹಾಗೆ ಆಗೋ ಸಾಧ್ಯತೆ ಕಡಿಮೆ ಅಂದಿತು. ಜಗಳ ಮುಗಿದಿಲ್ಲ.

ಅಂಗಡಿಯಲ್ಲಿ ಪ್ಯಾರಾಕ್ವಾಟ್ ಅನ್ನೋ ಕಳೆನಾಶಕ ಕೊಟ್ಟರೆ ಮುಟ್ಟಲೇಬೇಡಿ. ಒಂದೇ ದಿನದಲ್ಲಿ ಹುಲ್ಲು ಸುಟ್ಟು ಕಾಣುತ್ತೆ, ಜನಕ್ಕೆ ಖುಷಿ. ಬೇರು ಹಾಗೇ ಇರುತ್ತೆ, ಮತ್ತೆ ಚಿಗುರುತ್ತೆ. ಮೈಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಮಗು ಇರೋ ಮನೆಗೆ ಅದು ಬರಲೇಬಾರದು. ಕಬ್ಬಿಗೆ ಹಾಕೋ ಅಟ್ರಜಿನ್ ಕೂಡ ಬೇಡ, ತಿಂಗಳುಗಟ್ಟಲೆ ಮಣ್ಣಲ್ಲಿ ಉಳಿದು ನಿಮ್ಮ ತರಕಾರಿ ಸಸಿಯನ್ನೇ ತಿನ್ನುತ್ತೆ.

2,4-ಡಿ ಅನ್ನೋ ಕಳೆನಾಶಕ ಮುಖ್ಯವಾಗಿ ಅಗಲ ಎಲೆ ಕಳೆಗೆ. ಹುಲ್ಲಿಗೆ ಏನೂ ಆಗಲ್ಲ. ಇದರ ಕಥೆ ನನ್ನದೇ ಇದೆ. 2,4-ಡಿ ಹೊಡೆದ ಪಂಪನ್ನು ಸುಮ್ನೆ ಎರಡು ಸಲ ನೀರಲ್ಲಿ ತೊಳೆದು, ಮಾರನೇ ವಾರ ಅದರಲ್ಲೇ ಟೊಮೆಟೊಗೆ ಬೇವಿನೆಣ್ಣೆ ಹೊಡೆದೆ. ನಾಲ್ಕು ದಿನಕ್ಕೆ ತುದಿ ಎಲೆಗಳು ಸಣ್ಣಗೆ ಸುರುಟಿ, ಕೋಳಿ ಕಾಲುಗುರಿನ ಹಾಗೆ ಕೆಳಗೆ ಬಾಗಿದವು. ಮೊದಲು ಮುಟುರು ರೋಗ ಅಂದುಕೊಂಡೆ, ಅದಕ್ಕೂ ಒಂದು ಔಷಧಿ ತಂದು ದುಡ್ಡು ಕಳೆದೆ. ಆಮೇಲೆ ಗೊತ್ತಾಯಿತು, ಪೈಪಿನಲ್ಲಿ ಉಳಿದಿದ್ದ ಚೂರು ಕಳೆ ಔಷಧಿಯೇ ಸಾಕಾಗಿತ್ತು. ಈಗ ಕಳೆಗೆ ಒಂದು ಪಂಪು, ಬೆಳೆಗೆ ಇನ್ನೊಂದು. ಕಳೆ ಪಂಪಿಗೆ ಕೆಂಪು ಬಣ್ಣ ಬಳಿದಿದ್ದೀನಿ.

ಉಪ್ಪು ನೀರು ಹಾಕಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಖಾಲಿ ಸೈಟಿನ ಪಾರ್ಥೇನಿಯಂಗೆ ಅದು ನಡೆಯುತ್ತೆ. ಹಿತ್ತಲಿಗೆ ಬೇಡ. ನಾಲೆ ನೀರು ಬಸಿಯದೆ ನಿಂತು ಚೌಳಾದ ಗದ್ದೆಗಳನ್ನು ಮಂಡ್ಯ ಕಡೆ ನೋಡಿ, ಮಣ್ಣಿಗೆ ಉಪ್ಪು ಹತ್ತಿದರೆ ಬಿಡಿಸೋದು ಎಷ್ಟು ಕಷ್ಟ ಅಂತ ತಿಳಿಯುತ್ತೆ.

ಹಾಗಾದರೆ ಮಾಡೋದೇನು? ಪೇವರ್ ಕಲ್ಲಿನ ಸಂದಿಯಲ್ಲಿ ಬರೋದಕ್ಕೆ ಕುದಿಯೋ ನೀರು ಹುಯ್ಯಿರಿ, ಎರಡು ಮೂರು ಸಲ. ಪಾತಿಗಳ ನಡುವೆ ಹಳೆ ರಟ್ಟು ಹಾಸಿ, ನೆನೆಸಿ, ಮೇಲೆ ಅರ್ಧ ಅಡಿ ಕಬ್ಬಿನ ತರಗು ಹಾಕಿ. ಬತ್ತದ ಹುಲ್ಲು ಹಾಕಬೇಡಿ, ಅದರಲ್ಲಿ ಉಳಿದ ಕಾಳು ಮೊಳೆತು ಹಿತ್ತಲಲ್ಲಿ ಗದ್ದೆ ಆಗುತ್ತೆ.

ಕೊನ್ನಾರಿಗೆ ಮಾತ್ರ ಇಷ್ಟು ಸಾಲದು, ಅದು ರಟ್ಟನ್ನೇ ಚುಚ್ಚಿಕೊಂಡು ಬರುತ್ತೆ. ನಮ್ಮ ಮನೆಗೆ ಬಂದಿದ್ದು ಒಂದು ಟ್ರ್ಯಾಕ್ಟರ್ ಕೆರೆ ಗೋಡಿನ ಜೊತೆ. ಮೇಲೆ ಕಿತ್ತಷ್ಟೂ ಜಾಸ್ತಿ ಆಯಿತು, ಯಾಕಂದರೆ ಗಡ್ಡೆಗಳು ದಾರದಲ್ಲಿ ಪೋಣಿಸಿದ ಹಾಗೆ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಒಂದನ್ನು ಕಿತ್ತರೆ ಪಕ್ಕದ್ದು ಎದ್ದು ಕೂರುತ್ತೆ. ಮಳೆ ಬಂದು ಮಣ್ಣು ಮೆತ್ತಗಾದಾಗ ಮುಕ್ಕಾಲು ಅಡಿ ಅಗೆದು, ಮರಳು ಜರಡಿಯಲ್ಲಿ ಜರಡಿ ಹಿಡಿದು ಗಡ್ಡೆ ಆರಿಸಿದೆ. ಆಮೇಲೆ ಮೂರು ವಾರಕ್ಕೊಮ್ಮೆ ಚಿಗುರಿದ್ದನ್ನೆಲ್ಲ ಅಗೆದೆ, ಹೊಸ ಗಡ್ಡೆ ಕಟ್ಟೋಕೆ ಬಿಡಲಿಲ್ಲ. ಜಾಗದ ತುಂಬ ಗೆಣಸಿನ ಬಳ್ಳಿ ಹಬ್ಬಿಸಿದೆ. ನೆರಳು ಅಂದರೆ ಕೊನ್ನಾರಿಗೆ ಆಗಲ್ಲ. ಎರಡು ಮಳೆಗಾಲ ಹಿಡಿಯಿತು. ಗೆಣಸು ಚೆನ್ನಾಗಿ ಬಂತು.

ಇಷ್ಟೆಲ್ಲ ಆಗಲ್ಲ, ಕಾಂಪೌಂಡ್ ಪಕ್ಕದ ಜಾಗಕ್ಕೆ ಹೊಡೆಸಲೇಬೇಕು ಅಂದರೆ, ಲೈಸೆನ್ಸ್ ಇರೋ ಪೆಸ್ಟ್ ಕಂಟ್ರೋಲ್ ಆಪರೇಟರನ್ನು ಕರೆಸಿ, ಅವರ ಜೊತೆ ನಿಲ್ಲಿ. ಡಬ್ಬಿ ಲೇಬಲ್ ಸಮೇತ ತೋರಿಸಲಿ. ಲೇಬಲ್ ಮೇಲಿನ ಚೌಕದ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ವಿಷ ಇಲ್ಲ ಅಂತಲ್ಲ. ಕಲಸೋಕೆ ನಲ್ಲಿಯ ಕಾವೇರಿ ನೀರು ಕೊಡಿ. ಬೋರ್‌ವೆಲ್ಲಿನ ಗಡಸು ನೀರಿನಲ್ಲೂ ಮಣ್ಣು ಬೆರೆತ ನೀರಿನಲ್ಲೂ ಗ್ಲೈಫೋಸೇಟ್‌ನ ಶಕ್ತಿ ಕುಂದುತ್ತೆ. ಹೆಚ್ಚು ಹಾಕಿ ಅಂತ ನೀವೇ ಹೇಳಬೇಡಿ. ಗಟ್ಟಿಯಾಗಿ ಕಲಸಿದರೆ ಎಲೆ ಮೊದಲೇ ಸುಟ್ಟು, ಔಷಧಿ ಬೇರಿಗೆ ಇಳಿಯೋದಿಲ್ಲ.

ಆಷಾಢದಲ್ಲಿ ಬೇಡವೇ ಬೇಡ. ನಮ್ಮ ಮೈಸೂರಿನ ಆಷಾಢದ ಗಾಳಿ ನಿಮಗೇ ಗೊತ್ತಲ್ಲ, ನಿಮ್ಮ ಹುಲ್ಲಿಗೆ ಹೊಡೆದಿದ್ದು ಪಕ್ಕದ ಮನೆಯವರ ದಾಸವಾಳದ ಮೇಲೆ ಕೂರುತ್ತೆ. ಗಾಳಿ ಇಲ್ಲದ ಬೆಳಿಗ್ಗೆ, ಹೊಡೆದ ಮೇಲೆ ಆರು ಗಂಟೆ ಕಾಲ ಮಳೆ ಬರಲ್ಲ ಅನ್ನೋ ದಿನ ನೋಡಿ. ನಾಝಲ್‌ಗೆ ಹುಡ್, ಅಂದರೆ ಔಷಧಿ ಹಾರದ ಹಾಗೆ ತಡೆಯೋ ಮುಚ್ಚಳ, ಇರಲಿ, ನೆಲಕ್ಕೆ ಹತ್ತಿರ ಹಿಡಿಯಲಿ. ಪಪ್ಪಾಯದ ಹಸಿರು ಕಾಂಡಕ್ಕೆ ತಾಗಬಾರದು, ಅದು ಕಾಂಡದಿಂದಲೂ ಹೀರಿಕೊಳ್ಳುತ್ತೆ. ಬಾವಿ, ಸಂಪಿನ ಹತ್ತಿರ ಬೇಡ. ಹೊಡೆದ ಜಾಗಕ್ಕೆ ಹಗ್ಗ ಕಟ್ಟಿ, ಹುಲ್ಲು ಪೂರ್ತಿ ಒಣಗೋವರೆಗೆ ಮಗು, ನಾಯಿ ಎರಡನ್ನೂ ಬಿಡಬೇಡಿ. ಹೊಡೆದ ಔಷಧಿ ಒಣಗಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅಜ್ಜಿಯ ಮಡಿಲು ನೋಡಿದ ಮೇಲೆ ನನಗೆ ಆ ಧೈರ್ಯ ಇಲ್ಲ.

ಉಳಿದ ಔಷಧಿಯನ್ನು ಅವರೇ ತಗೊಂಡು ಹೋಗಲಿ. "ಇಟ್ಕೊಳಿ ಸಾರ್, ಮತ್ತೆ ಬೇಕಾಗುತ್ತೆ" ಅಂತ ನೀರಿನ ಬಾಟಲಿಗೆ ಹಾಕಿಕೊಟ್ಟರೆ ಖಡಾಖಂಡಿತ ಬೇಡ ಅನ್ನಿ. ಯಾರ ಬಾಯಿಗಾದರೂ ಹೋದರೆ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ತಗೊಂಡು ಹೋಗಿ, ಡಾಕ್ಟರಿಗೆ ಲೇಬಲ್ ಬೇಕಾಗುತ್ತೆ.

ಕಳೆ ಯಾವುದು ಅಂತ ಗುರುತು ಸಿಗದಿದ್ದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಇದೆ, ಮಂಡ್ಯ ಕಡೆ ಹೋಗೋ ಹಾಗಿದ್ದರೆ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರ ಇದೆ. ಬರೀ ಎಲೆ ತಗೊಂಡು ಹೋಗಬೇಡಿ, ಬೇರು ಗಡ್ಡೆ ಸಮೇತ ಒಂದು ಕವರಲ್ಲಿ ಹಾಕಿಕೊಂಡು ಹೋಗಿ.