ಡ್ರೈವರ್ ಲೋಡ್ ಆಗಿದೆ, ಪೋರ್ಟ್ ಮಾತ್ರ ನಾಪತ್ತೆ!

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತೂಕದ ಯಂತ್ರವನ್ನು ಯುಎಸ್‌ಬಿ-ಸೀರಿಯಲ್ ಕೇಬಲ್ ಮೂಲಕ ಉಬುಂಟು 22.04 ಕಂಪ್ಯೂಟರಿಗೆ ಜೋಡಿಸಿದ್ದೇವೆ. ಕೇಬಲ್ಲಿನ ಐಡಿ 1ಎ86:7523. ಡ್ರೈವರ್ ನಾವು ಹಾಕಿಲ್ಲ, ಆದರೂ ‘ಎಲ್‌ಎಸ್‌ಮಾಡ್’ (lsmod) ಆಜ್ಞೆ ತೋರಿಸುವ, ಲೋಡ್ ಆದ ಡ್ರೈವರುಗಳ ಪಟ್ಟಿಯಲ್ಲಿ ಈ ಕೇಬಲ್ಲಿನ ಡ್ರೈವರ್ ಸಿಎಚ್341 ಇದೆ. ಪೋರ್ಟ್ ಮಾತ್ರ ಕಾಣಿಸುವುದಿಲ್ಲ. ಏನು ಮಾಡಲಿ?

ಉತ್ತರ: ಡ್ರೈವರ್ ಲೋಡ್ ಆಗುವುದು ಬೇರೆ, ಸಾಧನ ಅದರ ಕೈಗೆ ಸಿಗುವುದು ಬೇರೆ. ನಿಮ್ಮಲ್ಲಿ ಎಡವಟ್ಟಾಗಿರುವುದು ಎರಡನೆಯದರಲ್ಲಿ.

ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನಲ್ ಎಲ್ಲ ಡ್ರೈವರುಗಳನ್ನೂ ಮೆಮೊರಿಯಲ್ಲಿ ತುಂಬಿಕೊಂಡು ಕೂರುವುದಿಲ್ಲ. ಬಹುಪಾಲು ಡ್ರೈವರುಗಳು ಮಾಡ್ಯೂಲ್ ಫೈಲುಗಳಾಗಿ ಡಿಸ್ಕಿನಲ್ಲೇ ಇರುತ್ತವೆ. ಕೇಬಲ್ ಚುಚ್ಚಿದೊಡನೆ ಕರ್ನಲ್ ಅದರ ಐಡಿ ಓದಿ, ಸಾಧನಗಳ ಉಸ್ತುವಾರಿ ನೋಡುವ ‘ಯುಡೆವ್’ ಎಂಬ ಸೇವೆಗೆ ಸುದ್ದಿ ಮುಟ್ಟಿಸುತ್ತದೆ. ಈ ಐಡಿಗೆ ಯಾವ ಮಾಡ್ಯೂಲ್ ಎಂಬುದಕ್ಕೆ ಮೊದಲೇ ಸಿದ್ಧವಾದ ಪಟ್ಟಿಯಿದೆ. ಅದನ್ನು ನೋಡಿ ಸಿಎಚ್341 ಕರೆಸಲಾಗುತ್ತದೆ. ಅದು ‘ಯುಎಸ್‌ಬಿಸೀರಿಯಲ್’ ಮಾಡ್ಯೂಲನ್ನು ನೆಚ್ಚಿಕೊಂಡಿರುವುದರಿಂದ ಮೊದಲು ಯುಎಸ್‌ಬಿಸೀರಿಯಲ್ ಒಳಗೆ ಬರಬೇಕು. ಕರ್ನಲ್ ಆವೃತ್ತಿ ಹೊಂದುತ್ತದೆಯೇ ಎಂದು ನೋಡಿ, ವಿಳಾಸಗಳನ್ನು ಜೋಡಿಸಿ, ಮಾಡ್ಯೂಲಿನ ಆರಂಭದ ಫಂಕ್ಷನ್ ನಡೆಸಿದ ಮೇಲೆ ಡ್ರೈವರ್ ತನ್ನ ಹೆಸರು ನೋಂದಾಯಿಸುತ್ತದೆ. ಆಮೇಲಷ್ಟೇ ಸಾಧನವನ್ನು ವಹಿಸಿಕೊಳ್ಳುವ ಸರದಿ.

ಉಬುಂಟು 22.04ರಲ್ಲಿ ಇಲ್ಲಿಗೇ ‘ಬಿಆರ್‌ಎಲ್‌ಟಿಟಿವೈ’ ಅಡ್ಡ ಬರುತ್ತದೆ. ಅದು ಬ್ರೈಲ್ ಪರದೆಗಳನ್ನು ನಡೆಸುವ ತಂತ್ರಾಂಶ. ಕೆಲವು ಬ್ರೈಲ್ ಪರದೆಗಳಿಗೂ ನಿಮ್ಮ ಕೇಬಲ್ಲಿನದೇ ಐಡಿ ಇರುವುದರಿಂದ ಇದು ತನ್ನದೇ ಸಾಧನ ಎಂದುಕೊಂಡು ಸಿಎಚ್341 ಕೈಯಿಂದ ಕಿತ್ತುಕೊಳ್ಳುತ್ತದೆ. ಕೇಬಲ್ ಚುಚ್ಚಿ ‘ಡಿಮೆಸೇಜ್’ (dmesg) ಆಜ್ಞೆಯಿಂದ ಕರ್ನಲ್ ಸಂದೇಶಗಳನ್ನು ನೋಡಿ: ‘ಟಿಟಿವೈಯುಎಸ್‌ಬಿ0’ ಎಂಬ ಪೋರ್ಟ್ ಜೋಡಣೆಯಾಯಿತು ಎಂಬ ಸಾಲಿನ ಹಿಂದೆಯೇ ಬಿಆರ್‌ಎಲ್‌ಟಿಟಿವೈ ಹೆಸರೂ ‘ಡಿಸ್‌ಕನೆಕ್ಟೆಡ್’ ಎಂಬ ಸಾಲೂ ಇದ್ದರೆ ಕಳ್ಳ ಸಿಕ್ಕಂತೆಯೇ.

ಆ ಕಂಪ್ಯೂಟರಿನಲ್ಲಿ ಬ್ರೈಲ್ ಪರದೆ ಬಳಸುವವರು ಯಾರೂ ಇಲ್ಲದಿದ್ದರೆ ಬಿಆರ್‌ಎಲ್‌ಟಿಟಿವೈ ಪ್ಯಾಕೇಜ್ ತೆಗೆದುಹಾಕಿ, ಕೇಬಲ್ ಕಿತ್ತು ಮತ್ತೆ ಚುಚ್ಚಿ. ಇದ್ದರೆ ದಯವಿಟ್ಟು ಅದನ್ನು ತೆಗೆಯಬೇಡಿ. ಅದರ ಯುಡೆವ್ ನಿಯಮಗಳಲ್ಲಿ ಈ ಐಡಿಯ ಸಾಲನ್ನಷ್ಟೇ ಕಾಮೆಂಟ್ ಮಾಡಿಸಿ, ಅಂದರೆ ಮುಂದೆ # ಗುರುತು ಹಾಕಿಸಿ ನಿಷ್ಕ್ರಿಯಗೊಳಿಸಿ.

ಇಂಟರ್ನೆಟ್ಟಿನಲ್ಲಿ ಸಿಗುವ ‘ಹೊಸ ಸಿಎಚ್341 ಡ್ರೈವರ್’ ತಂದು ಹಾಕುವ ಗೋಜಿಗೆ ಹೋಗಬೇಡಿ. ಇರುವ ಡ್ರೈವರಿನಲ್ಲಿ ದೋಷವಿಲ್ಲ. ಹೊರಗಿನಿಂದ ತಂದದ್ದನ್ನು ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ಮತ್ತೆ ಕಂಪೈಲ್ ಮಾಡಬೇಕಾಗುತ್ತದೆ, ಸಹಿ ಇರುವ ತಂತ್ರಾಂಶವನ್ನಷ್ಟೇ ನಂಬುವ ‘ಸೆಕ್ಯೂರ್ ಬೂಟ್’ ಚಾಲೂ ಇದ್ದರೆ ಸಹಿಯಿಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಪೋರ್ಟ್ ಬಂದ ಮೇಲೂ ತೂಕದ ತಂತ್ರಾಂಶ ‘ಪರ್ಮಿಷನ್ ಡಿನೈಡ್’ ಎಂದರೆ, ನಿಮ್ಮ ಯೂಸರನ್ನು ಸೀರಿಯಲ್ ಪೋರ್ಟ್ ಬಳಸುವ ಅನುಮತಿಯಿರುವ ‘ಡಯಲ್‌ಔಟ್’ ಗುಂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.