ಮಣ್ಣಿನ ಟ್ರ್ಯಾಕ್‌ನ ಸ್ಪ್ರಿಂಟ್ ಕಾರ್ ರೇಸಿಗೆ ನಿಯಮ ಸಡಿಲ ಇರಬೇಕೋ, ಬಿಗಿ ಇರಬೇಕೋ?

ಸ್ಪ್ರಿಂಟ್ ಕಾರ್ ಅಂದರೆ ಚಿಕ್ಕ, ಹಗುರ, ಆದರೆ ಭಾರೀ ಶಕ್ತಿಯ ರೇಸ್ ಕಾರು. ನನ್ನ ಮತ ಸಡಿಲ, ಬಿಗಿ ಎರಡಕ್ಕೂ ಇದೆ, ಆದರೆ ಬೇರೆ ಬೇರೆ ದರ್ಜೆಗೆ.

ಅಮೆರಿಕದಲ್ಲಿ 1978ರಲ್ಲಿ ಟೆಡ್ ಜಾನ್ಸನ್ ‘ವರ್ಲ್ಡ್ ಆಫ್ ಔಟ್‌ಲಾಸ್’ ಎಂಬ ಸ್ಪ್ರಿಂಟ್ ಕಾರ್ ರೇಸ್ ಸರಣಿ ಶುರು ಮಾಡಿದರು. ಒಂದೇ ಸಂಸ್ಥೆಗೆ ಕಟ್ಟುಬೀಳದೆ, ಬಹುಮಾನ ಜಾಸ್ತಿ ಇದ್ದ ಕಡೆ ಓಡಿಸುತ್ತಿದ್ದ ಚಾಲಕರೇ ‘ಔಟ್‌ಲಾ’ಗಳು. ಇಲ್ಲಿನ ಎಂಜಿನ್ 410 ಘನ ಇಂಚು, ಅಂದರೆ ಸುಮಾರು 6.7 ಲೀಟರ್. ಅಲ್ಯೂಮಿನಿಯಂ ಬ್ಲಾಕ್, ಮೆಥನಾಲ್ ಇಂಧನ, ಸುಮಾರು 900 ಅಶ್ವಶಕ್ತಿ. ಕಾರಿನ ತೂಕವೋ, ಮಾರುತಿ ಆಲ್ಟೊಗಿಂತ ಕಡಿಮೆ! ನೋಡೋಕೆ ಹಬ್ಬ, ಜೇಬಿಗೆ ಕತ್ತರಿ.

ಹಾಗಂತ ಅಲ್ಲೂ ಪೂರ್ತಿ ಸ್ವಾತಂತ್ರ್ಯ ಇಲ್ಲ. ಎಂಜಿನ್ ಗಾತ್ರ, ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ರೆಕ್ಕೆಯ ಅಳತೆ, ಕನಿಷ್ಠ ತೂಕ, ಟೈರು ಎಲ್ಲಕ್ಕೂ ಮಿತಿ ಇದೆ.

360 ಘನ ಇಂಚು ಎಂಜಿನ್‌ನ ದರ್ಜೆಯಲ್ಲಿ ಸಾಮಾನ್ಯವಾಗಿ ಸಿಲಿಂಡರ್ ಹೆಡ್‌ಗೂ (ಎಂಜಿನ್ನಿನ ಮೇಲ್ಭಾಗ) ಕಟ್ಟುಪಾಡು. 305 ಘನ ಇಂಚಿನ ದರ್ಜೆಯಲ್ಲಂತೂ ಇನ್ನೂ ಬಿಗಿ, ಹಾಗಾಗಿ ವಾರಾಂತ್ಯಕ್ಕೆ ಸುಮ್ನೆ ಖುಷಿಗೆ ಓಡಿಸುವವರಿಗೂ ಎಟುಕುತ್ತದೆ.

ಬಿಗಿ ನಿಯಮದಲ್ಲೂ ಒಂದು ತೊಡಕಿದೆ. ದುಡ್ಡಿರುವವರು ಉಳಿದ ಚಿಕ್ಕ ಸಂದಿಯಲ್ಲೇ ಸುರಿಯುತ್ತಾರೆ: ಶಾಕ್ ಅಬ್ಸಾರ್ಬರ್, ಪರೀಕ್ಷಾ ಓಟ, ಹೊಸ ಟೈರು. ಜೊತೆಗೆ ಪ್ರತಿ ನಿಯಮಕ್ಕೂ ತಪಾಸಣೆ ಮಾಡುವವರು ಬೇಕು, ಅಲ್ವಾ? ಚಿಕ್ಕ ಟ್ರ್ಯಾಕಿನವರಿಗೆ ಅದೇ ದೊಡ್ಡ ತಲೆನೋವು. ಅದಕ್ಕೇ ಅಲ್ಲಿ ನಿಯಮ ಕಡಿಮೆ ಇರಲಿ, ಆದರೆ ತೂಕದ ಯಂತ್ರದಲ್ಲೋ ಅಳತೆ ಪಟ್ಟಿಯಲ್ಲೋ ಥಟ್ಟನೆ ನೋಡುವಂತಿರಲಿ.